ಥೈರಾಯ್ಡ್ ಪರೀಕ್ಷೆಯ ಅಂಕಿ: ಯಾವಾಗ ಅವಸರ ಮಾಡಬೇಕು, ಯಾವಾಗ ಕಾಯಬೇಕು



ನಮ್ಮ ಸಂಘದ ಯುಗಾದಿ, ದೀಪಾವಳಿ ಕೂಟಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ನನಗೆ ಎದುರಾಗುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಥೈರಾಯ್ಡ್ ಬಗ್ಗೆಯೇ ಇರುತ್ತವೆ. "ಅಮ್ಮನಿಗೆ ಟಿಎಸ್‌ಎಚ್ 6 ಬಂದಿದೆ. ಊರಿನಲ್ಲಿ ಮಾತ್ರೆ ತಗೊಳ್ಳಿ ಅಂದ್ರು, ಇಲ್ಲಿನ ಡಾಕ್ಟರು ಈಗಲೇ ಬೇಡ ಅಂತಾರೆ. ಯಾರ ಮಾತು ಕೇಳೋಣ?" ಎಂದು ಒಬ್ಬರು. "ನಾನೀಗ ಎರಡು ತಿಂಗಳ ಗರ್ಭಿಣಿ, ಮೊದಲಿನಷ್ಟೇ ಮಾತ್ರೆ ಸಾಕಾ?" ಎಂದು ಇನ್ನೊಬ್ಬರು. ನಾನು ವೈದ್ಯೆಯಲ್ಲ. ಇಂಗ್ಲೆಂಡಿನ ಈಶಾನ್ಯ ಭಾಗದ ಆಸ್ಪತ್ರೆಯೊಂದರ ರಕ್ತ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುವವಳು. ಈ ಟಿಎಸ್‌ಎಚ್ ಅಂಕಿ ದಿನಕ್ಕೆ ನೂರಾರು ಸಲ ನನ್ನ ಕಣ್ಣ ಮುಂದೆ ಹಾದುಹೋಗುತ್ತದೆ. ಆದ್ದರಿಂದ ಈ ಅಂಕಿ ಎಲ್ಲಿಂದ ಬಂತು, ಅದರ ಹಿಂದೆ ಏನೇನು ಸಂಶೋಧನೆ ನಡೆದಿದೆ, ಒಂದೇ ಅಂಕಿ ಒಬ್ಬರಿಗೆ ಅವಸರದ ಮಾತೂ ಇನ್ನೊಬ್ಬರಿಗೆ ಕಾಯುವ ಮಾತೂ ಏಕಾಗುತ್ತದೆ ಎಂಬುದನ್ನು ಪಾಠದ ರೀತಿಯಲ್ಲಿ ಬರೆಯುತ್ತಿದ್ದೇನೆ. ನಿಧಾನವಾಗಿ ಓದಿ, ಮನೆಯ ಹಿರಿಯರಿಗೂ ಓದಿ ಹೇಳಿ.

1. ಗ್ರಂಥಿ ಚಿಕ್ಕದು, ಕೆಲಸ ದೊಡ್ಡದು

ಕತ್ತಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ಚಿಟ್ಟೆಯ ಆಕಾರದಲ್ಲಿ ಕುಳಿತಿರುವುದೇ ಥೈರಾಯ್ಡ್ ಗ್ರಂಥಿ. ತೂಕ ಸುಮಾರು 20 ಗ್ರಾಂ. ನಾವು ತಿನ್ನುವ ಆಹಾರದಲ್ಲಿರುವ ಅಯೋಡಿನ್ ಬಳಸಿಕೊಂಡು ಇದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಅದರ ಒಂದು ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿರುವುದರಿಂದ ಅದಕ್ಕೆ ಟಿ4 ಎಂದೂ ಹೆಸರು. ದೇಹದ ಅಂಗಾಂಶಗಳು ಅದರಿಂದ ಒಂದು ಅಯೋಡಿನ್ ತೆಗೆದು ಟಿ3 ಮಾಡಿಕೊಳ್ಳುತ್ತವೆ. ಹೃದಯದ ಬಡಿತ, ಮೈಯ ಬಿಸಿ, ಕರುಳಿನ ಚಲನೆ, ರಕ್ತದ ಕೊಲೆಸ್ಟರಾಲ್, ಮೂಳೆ, ಮುಟ್ಟು, ಮಗುವಿನ ಮೆದುಳಿನ ಬೆಳವಣಿಗೆ, ಇವೆಲ್ಲಕ್ಕೂ ಇದು ಬೇಕು. ಆದ್ದರಿಂದಲೇ ಈ ಒಂದು ಗ್ರಂಥಿ ಸೋತರೆ ತೊಂದರೆ ಮೈಯೆಲ್ಲ ಹರಡುತ್ತದೆ.

ಹಾಗಾದರೆ ಟಿಎಸ್‌ಎಚ್ ಎಂದರೇನು? ಅದು ಥೈರಾಯ್ಡಿನ ಹಾರ್ಮೋನಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆಜ್ಞೆ. ಬೆಳಿಗ್ಗೆ ಮಗುವನ್ನು ಎಬ್ಬಿಸುವ ತಾಯಿಯನ್ನು ನೆನೆಸಿಕೊಳ್ಳಿ. ಮಗು ಬೇಗ ಎದ್ದರೆ ಮೆಲ್ಲಗೆ ಒಂದು ಸಲ ಕರೆದರೆ ಸಾಕು. ಏಳದಿದ್ದರೆ ದನಿ ಏರುತ್ತದೆ. ಟಿಎಸ್‌ಎಚ್ ಆ ತಾಯಿಯ ದನಿ. ಅಂಕಿ ಏರಿದೆ ಎಂದರೆ ಗ್ರಂಥಿ ಸುಲಭಕ್ಕೆ ಏಳುತ್ತಿಲ್ಲ ಎಂದರ್ಥ. ಅಂಕಿ ತೀರಾ ಇಳಿದಿದೆ ಎಂದರೆ ಸಾಮಾನ್ಯವಾಗಿ ರಕ್ತದಲ್ಲಿ ಹಾರ್ಮೋನು ಹೆಚ್ಚಾಗಿದೆ, ಕರೆಯುವ ಅಗತ್ಯವೇ ಇಲ್ಲ ಎಂದರ್ಥ.

ಬಹುತೇಕ ಪ್ರಯೋಗಾಲಯಗಳಲ್ಲಿ ವಯಸ್ಕರಿಗೆ ಸುಮಾರು 0.4ರಿಂದ 4ರವರೆಗೆ ಸಾಮಾನ್ಯ ಎನ್ನುತ್ತೇವೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಸ್ವಲ್ಪ ವ್ಯತ್ಯಾಸವಿರುತ್ತದೆ. ಟಿಎಸ್‌ಎಚ್ ಏರಿ, ಟಿ4 ಕೂಡ ಇಳಿದಿದ್ದರೆ ಅದು ಸ್ಪಷ್ಟ ಕೊರತೆ. ಟಿಎಸ್‌ಎಚ್ ಸ್ವಲ್ಪ ಏರಿದ್ದು ಟಿ4 ಸರಿಯಾಗಿಯೇ ಇದ್ದರೆ ಅದನ್ನು ಈ ಲೇಖನದಲ್ಲಿ ಅಂಚಿನ ಕೊರತೆ ಎಂದು ಕರೆಯುತ್ತೇನೆ. ಗೊಂದಲವೆಲ್ಲ ಇರುವುದು ಈ ಅಂಚಿನಲ್ಲೇ. ಮುಂದಿನದೆಲ್ಲ ಅರ್ಥವಾಗಲು ಈ ಎರಡರ ವ್ಯತ್ಯಾಸ ನೆನಪಿರಲಿ.

2. ನ್ಯೂಕ್ಯಾಸಲ್‌ನ ಹೆಂಗಸು ಮತ್ತು 870 ಕುರಿಗಳು

ಸ್ಪಷ್ಟ ಕೊರತೆಯ ಕಥೆಯ ಮುಖ್ಯ ಅಧ್ಯಾಯ ನಾನಿರುವ ಸೀಮೆಯಲ್ಲೇ ನಡೆದದ್ದು. 19ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ವೈದ್ಯರು ಮಧ್ಯವಯಸ್ಸಿನ ಹೆಂಗಸರಲ್ಲಿ ಒಂದು ವಿಚಿತ್ರ ಕಾಯಿಲೆಯನ್ನು ಗುರುತಿಸಿದ್ದರು. ಮುಖ ಊದುತ್ತಿತ್ತು, ಚರ್ಮ ಒಣಗುತ್ತಿತ್ತು, ಕೂದಲು ಉದುರುತ್ತಿತ್ತು, ಮಾತು ನಿಧಾನವಾಗುತ್ತಿತ್ತು, ಸದಾ ಚಳಿ. ಅದೇ ಕಾಲಕ್ಕೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಶಸ್ತ್ರವೈದ್ಯ ಥಿಯೋಡೋರ್ ಕೋಖರ್ ಗಳಗಂಡಕ್ಕಾಗಿ ಪೂರ್ತಿ ಥೈರಾಯ್ಡ್ ತೆಗೆಸಿಕೊಂಡ ತಮ್ಮ ರೋಗಿಗಳನ್ನು ಮತ್ತೆ ಕರೆಸಿ ನೋಡಿದಾಗ ಅವರಲ್ಲೂ ಇದೇ ಲಕ್ಷಣಗಳು ಕಂಡವು. ಇದನ್ನು ಅವರು 1883ರಲ್ಲಿ ಮುಚ್ಚಿಡದೆ ಪ್ರಕಟಿಸಿದರು. ಥೈರಾಯ್ಡ್ ಕುರಿತ ಕೆಲಸಕ್ಕಾಗಿ 1909ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

1891ರಲ್ಲಿ ನ್ಯೂಕ್ಯಾಸಲ್‌ನ ಯುವ ವೈದ್ಯ ಜಾರ್ಜ್ ಮರೆ, ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು 46 ವರ್ಷದ ಇಂಥ ರೋಗಿಯೊಬ್ಬರಿಗೆ ಚುಚ್ಚುಮದ್ದಾಗಿ ಕೊಟ್ಟರು. ಕೆಲವೇ ತಿಂಗಳಲ್ಲಿ ಆಕೆ ಚೇತರಿಸಿಕೊಂಡರು. ಮುಂದೆ ಅದನ್ನೇ ಬಾಯಿಯ ಮೂಲಕ ತೆಗೆದುಕೊಳ್ಳುತ್ತಾ 1919ರವರೆಗೆ, 74 ವರ್ಷ ವಯಸ್ಸಿನ ತನಕ ಬದುಕಿದರು. ಅಷ್ಟು ವರ್ಷಗಳಲ್ಲಿ ಆಕೆಗೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ! 1914ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಕೆಂಡಲ್ ಥೈರಾಕ್ಸಿನ್ನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಇಂದು ಅದೇ ಕೆಲಸವನ್ನು ಮೈಕ್ರೋಗ್ರಾಂ ಲೆಕ್ಕದ ಒಂದು ಸಣ್ಣ ಮಾತ್ರೆ ಮಾಡುತ್ತದೆ.

ಇಲ್ಲಿಂದ ಕಲಿಯುವ ಪಾಠ ಇಷ್ಟು. ಕೊರತೆ ಸ್ಪಷ್ಟವಾಗಿದ್ದರೆ ಮಾತ್ರೆಯ ಗುಣಕ್ಕೆ ಬೇರೆ ಸಾಕ್ಷಿ ಬೇಡ. ಅಂಥವರಿಗೆ ಇದು ಔಷಧಿ ಎನ್ನುವುದಕ್ಕಿಂತ ದೇಹದಲ್ಲಿ ಇರಬೇಕಾದದ್ದನ್ನು ತುಂಬಿಸುವ ಕೆಲಸ. ಅದನ್ನು ಎಂದೂ ತಾವಾಗಿ ನಿಲ್ಲಿಸಬಾರದು.

3. ಉಪ್ಪಿನ ಋಣ

ಗ್ರಂಥಿ ಚೆನ್ನಾಗಿದ್ದರೂ ಅಯೋಡಿನ್ ಸಿಗದಿದ್ದರೆ ಅದು ಏನು ಮಾಡೀತು? ಹೆಚ್ಚು ಹಿಡಿಯಲು ಊದಿಕೊಳ್ಳುತ್ತದೆ. ಅದೇ ಗಳಗಂಡ. ಹಿಮಾಲಯದ ತಪ್ಪಲಿನಲ್ಲಿ ಇದು ತಲೆತಲಾಂತರದಿಂದ ಇತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಾಂಗ್ರಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು ಹಂಚುವ ಪ್ರಯೋಗ ಆರಂಭಿಸಿದರು. ಕೆಲವು ವರ್ಷಗಳಲ್ಲಿ ಅಯೋಡಿನ್ ಸಿಕ್ಕ ವಲಯಗಳಲ್ಲಿ ಗಳಗಂಡ ಅರ್ಧಕ್ಕೂ ಕಡಿಮೆಯಾಗತೊಡಗಿತು. ಸಾದಾ ಉಪ್ಪಿನ ವಲಯ ಇದ್ದ ಹಾಗೇ ಇತ್ತು. ನಂತರ ಅಲ್ಲಿಗೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲೂ ಇಳಿಯಿತು. 1962ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿದ್ದರ ಹಿಂದೆ ಈ ಪ್ರಯೋಗವಿದೆ.

ಇಲ್ಲಿರುವ ನಾವು ಗಮನಿಸಬೇಕಾದದ್ದು ಒಂದಿದೆ. ಊರಿನಲ್ಲಿ ಅಂಗಡಿಯ ಪುಡಿ ಉಪ್ಪಿನಲ್ಲಿ ಅಯೋಡಿನ್ ಇದ್ದೇ ಇರುತ್ತದೆ. ಬ್ರಿಟನ್ನಿನಲ್ಲಿ ಹಾಗಲ್ಲ. ಇಲ್ಲಿನ ಸಾಮಾನ್ಯ ಉಪ್ಪಿಗೆ ಅಯೋಡಿನ್ ಬೆರೆಸುವುದಿಲ್ಲ. ಇಲ್ಲಿ ಜನರಿಗೆ ಅಯೋಡಿನ್ ಸಿಗುವುದು ಮುಖ್ಯವಾಗಿ ಹಾಲು, ಮೊಸರು, ಮೀನು ಮತ್ತು ಮೊಟ್ಟೆಯಿಂದ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೀನು ಮೊಟ್ಟೆ ಇಲ್ಲ. ಅದರ ಮೇಲೆ ಮಗಳೋ ಸೊಸೆಯೋ ಹಾಲು ಬಿಟ್ಟು ಬಾದಾಮಿ ಹಾಲು, ಓಟ್ಸ್ ಹಾಲಿಗೆ ಹೋಗಿದ್ದರೆ? ಎಲ್ಲ ಸಸ್ಯಜನ್ಯ ಹಾಲಿಗೂ ಅಯೋಡಿನ್ ಸೇರಿಸಿರುವುದಿಲ್ಲ, ಪೊಟ್ಟಣದ ಮೇಲೆ ಓದಿ ನೋಡಬೇಕು. ಸೈಂಧವ ಲವಣವನ್ನೇ ಬಳಸುವವರಿಗೂ ಈ ಮಾತು ಅನ್ವಯಿಸುತ್ತದೆ. ವಯಸ್ಕರಿಗೆ ದಿನಕ್ಕೆ ಸುಮಾರು 150 ಮೈಕ್ರೋಗ್ರಾಂ ಬೇಕು. ಗರ್ಭಿಣಿಯರಿಗೆ ಮತ್ತು ಹಾಲೂಡಿಸುವ ತಾಯಂದಿರಿಗೆ 250 ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗೆಂದು ಕಡಲಕಳೆಯ ಮಾತ್ರೆಗಳನ್ನು ತಾವಾಗಿ ನುಂಗಬೇಡಿ. ಅದರಲ್ಲಿ ಅಯೋಡಿನ್ ವಿಪರೀತವಾಗಿರಬಹುದು. ಅತಿಯಾದರೆ ಅಮೃತವೂ ವಿಷ.

4. ಹಿಮ್ಮಡಿಯ ಒಂದು ಹನಿ ರಕ್ತ

ಈಗ ಅವಸರದ ಮಾತು. ಕೆಲವು ಮಕ್ಕಳು ಹುಟ್ಟುವಾಗಲೇ ಥೈರಾಯ್ಡ್ ಇಲ್ಲದೆ ಅಥವಾ ಅದು ಸರಿಯಾಗಿ ಕೆಲಸ ಮಾಡದೆ ಹುಟ್ಟುತ್ತಾರೆ. ಬ್ರಿಟನ್ನಿನಲ್ಲಿ ಸುಮಾರು 2,000ದಿಂದ 3,000 ಶಿಶುಗಳಿಗೆ ಒಂದು. ಮಗು ನೋಡಲು ಚೆನ್ನಾಗಿಯೇ ಇರುತ್ತದೆ, ತಾಯಿಯ ಹಾರ್ಮೋನು ಸ್ವಲ್ಪ ಕಾಪಾಡಿರುತ್ತದೆ. ಲಕ್ಷಣ ಕಾಣುವ ಹೊತ್ತಿಗೆ ಮೆದುಳಿಗೆ ಆದ ನಷ್ಟ ಪೂರ್ತಿ ಹಿಂದಿರುಗುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಡಾ. ಜಾನ್ ದುಸೋ ಒಣಗಿಸಿದ ಒಂದು ಹನಿ ರಕ್ತದಲ್ಲೇ ಇದನ್ನು ಪತ್ತೆಹಚ್ಚುವ ವಿಧಾನ ರೂಪಿಸಿ 1970ರ ದಶಕದ ಮೊದಲಿಗೆ ಶಿಶುಗಳ ತಪಾಸಣೆ ಆರಂಭಿಸಿದರು. ಇಲ್ಲಿ ಮಗು ಹುಟ್ಟಿದ ಐದನೇ ದಿನದ ಸುಮಾರಿಗೆ ಸೂಲಗಿತ್ತಿ ಮನೆಗೆ ಬಂದು ಹಿಮ್ಮಡಿಯಿಂದ ರಕ್ತ ತೆಗೆಯುವುದು ಇದಕ್ಕೂ ಹೌದು. ಮೊದಲ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಇಂಥ ಮಗು ಸಾಮಾನ್ಯವಾಗಿ ಬೇರೆ ಮಕ್ಕಳಂತೆಯೇ ಬೆಳೆದು ಓದುತ್ತದೆ.

ಹೆರಿಗೆ ಬಾಣಂತನಕ್ಕೆಂದು ತವರಿಗೆ ಹೋಗುವ ಅಕ್ಕತಂಗಿಯರೇ, ಇದನ್ನು ಮುಖ್ಯವಾಗಿ ನಿಮಗಾಗಿ ಬರೆದಿದ್ದೇನೆ. ಭಾರತದಲ್ಲಿ ಈ ತಪಾಸಣೆ ದೇಶದ ಎಲ್ಲ ಆಸ್ಪತ್ರೆಗಳಲ್ಲೂ ತಾನಾಗಿ ಆಗುವುದಿಲ್ಲ. ಅನೇಕ ಆಸ್ಪತ್ರೆಗಳಲ್ಲಿ ಕೇಳಿದರೆ ಮಾಡುತ್ತಾರೆ. ಹೆರಿಗೆಗೆ ಮುಂಚೆಯೇ ಕೇಳಿ ಗೊತ್ತು ಮಾಡಿಕೊಳ್ಳಿ. ಫಲಿತಾಂಶ ಕೈಗೆ ಬರುವವರೆಗೆ ವಿಚಾರಿಸುತ್ತಿರಿ. ನಾಮಕರಣಕ್ಕೆ ಮುಹೂರ್ತ ನೋಡುವಷ್ಟೇ ಆಸ್ಥೆ ಇದಕ್ಕೂ ಇರಲಿ.

5. ಗರ್ಭಿಣಿಯರು: ಒಂದು ಪ್ರಶ್ನೆ, ಮೂರು ಸಂಶೋಧನೆ

1999ರಲ್ಲಿ ಅಮೆರಿಕದಲ್ಲಿ ಡಾ. ಹ್ಯಾಡೋ ಮತ್ತು ಸಂಗಡಿಗರ ಒಂದು ಅಧ್ಯಯನ ಪ್ರಕಟವಾಯಿತು. ಗರ್ಭಿಣಿಯಾಗಿದ್ದಾಗ ಥೈರಾಯ್ಡ್ ಕೊರತೆ ಇದ್ದ 62 ತಾಯಂದಿರ ಮಕ್ಕಳನ್ನು 7ರಿಂದ 9ನೇ ವಯಸ್ಸಿನಲ್ಲಿ ಪರೀಕ್ಷಿಸಿದ್ದರು. ಆ ತಾಯಂದಿರಲ್ಲಿ ಬಸುರಿನಲ್ಲಿ ಚಿಕಿತ್ಸೆ ಸಿಗದಿದ್ದ 48 ಮಂದಿಯ ಮಕ್ಕಳ ಬುದ್ಧಿ ಸೂಚ್ಯಂಕ, ಇತರ ಮಕ್ಕಳಿಗಿಂತ ಸರಾಸರಿ 7 ಅಂಕ ಕಡಿಮೆ ಇತ್ತು. ಸಹಜವಾಗಿ ಎಲ್ಲರಿಗೂ ಗಾಬರಿಯಾಯಿತು. ಹಾಗಾದರೆ ಎಲ್ಲ ಗರ್ಭಿಣಿಯರನ್ನೂ ಪರೀಕ್ಷಿಸಿ, ಅಂಚಿನ ಕೊರತೆ ಇದ್ದವರಿಗೂ ಮಾತ್ರೆ ಕೊಟ್ಟರೆ ಮಕ್ಕಳಿಗೆ ಒಳ್ಳೆಯದಾಗುವುದೇ?

ಇಂಥಲ್ಲೇ ಎಚ್ಚರ ಬೇಕು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ? ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದನ್ನು ಸರಿಪಡಿಸಿದರೆ ಇನ್ನೊಂದೂ ಸರಿಹೋಗುತ್ತದೆ ಎನ್ನಲಾಗದು. ಅದನ್ನು ತಿಳಿಯಲು ಇರುವ ದಾರಿ, ಒಂದೇ ತರಹದ ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಚಿಕಿತ್ಸೆ ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸುವುದು. 2012ರಲ್ಲಿ ಬ್ರಿಟನ್ ಮತ್ತು ಇಟಲಿಯ 21,846 ಗರ್ಭಿಣಿಯರನ್ನು ಒಳಗೊಂಡ ಇಂಥ ಪ್ರಯೋಗ ಪ್ರಕಟವಾಯಿತು. ಮಕ್ಕಳು ಮೂರು ವರ್ಷದವರಾದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಅಮೆರಿಕದ ಇನ್ನೊಂದು ಪ್ರಯೋಗದಲ್ಲೂ ಅಂಚಿನ ಕೊರತೆಗೆ ಮಾತ್ರೆ ಕೊಟ್ಟದ್ದರಿಂದ ಐದು ವರ್ಷದ ಮಕ್ಕಳ ಬುದ್ಧಿಮತ್ತೆಯಲ್ಲಿ ಗಣನೀಯ ಲಾಭ ಸಿಗಲಿಲ್ಲ. ಎರಡರಲ್ಲೂ ಮಾತ್ರೆ ಶುರುವಾದದ್ದು ಮೂರನೇ ತಿಂಗಳು ಕಳೆದ ಮೇಲೆ. ಇನ್ನೂ ಬೇಗ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬ ಚರ್ಚೆ ಆ ಕಾರಣಕ್ಕೇ ಉಳಿದಿದೆ.

ಆದರೆ ಇದನ್ನು ಓದಿ ಯಾರೂ ಮಾತ್ರೆ ಬಿಡಬಾರದು! ಮೊದಲೇ ಥೈರಾಯ್ಡ್ ಕೊರತೆಯಿದ್ದು ಮಾತ್ರೆ ತೆಗೆದುಕೊಳ್ಳುತ್ತಿರುವವರ ವಿಷಯ ಬೇರೆ. ಅಂಥವರಿಗೆ ಗರ್ಭ ನಿಂತ ಕೆಲವೇ ವಾರಗಳಲ್ಲಿ ಹೆಚ್ಚು ಥೈರಾಕ್ಸಿನ್ ಬೇಕಾಗುತ್ತದೆ. ಇದು ಐದನೇ ವಾರದಷ್ಟು ಬೇಗ ಶುರುವಾಗುತ್ತದೆ, ಒಟ್ಟು ಅಗತ್ಯ ಅರ್ಧದಷ್ಟು ಏರಬಹುದು ಎಂದು 2004ರಲ್ಲಿ ಬಾಸ್ಟನ್ನಿನ ಅಧ್ಯಯನವೊಂದು ತೋರಿಸಿತು. ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ. ಆದ್ದರಿಂದ ಗರ್ಭಿಣಿ ಎಂದು ತಿಳಿದ ದಿನವೇ ವೈದ್ಯರಿಗೆ ಫೋನ್ ಮಾಡಿ. ಮಕ್ಕಳು ಬೇಕೆಂದು ಯೋಚಿಸುವಾಗಲೇ ಮಾತಾಡಿದರೆ ಇನ್ನೂ ಒಳ್ಳೆಯದು. ಮೊದಲ ಅಪಾಯಿಂಟ್‌ಮೆಂಟ್ ಬರಲಿ ಎಂದು ಕಾಯಬೇಡಿ.

6. ಹಿರಿಯರು: ಅಂಕಿ ಇಳಿಯಿತು, ದಣಿವು ಇಳಿಯಲಿಲ್ಲ

ಈಗ ಮೊದಲ ಪ್ರಶ್ನೆಗೆ ಬರೋಣ. ಅಮ್ಮನ ಟಿಎಸ್‌ಎಚ್ 6, ಟಿ4 ಸರಿಯಾಗಿದೆ. ಮಾತ್ರೆ ಬೇಕೇ?

ನಮ್ಮ ಪಕ್ಕದ ವಿಕಮ್ ಎಂಬಲ್ಲಿ 1970ರ ದಶಕದಲ್ಲಿ 2,779 ಜನರನ್ನು ಪರೀಕ್ಷಿಸಿ, 20 ವರ್ಷಗಳ ನಂತರ ಮತ್ತೆ ಹುಡುಕಿ ನೋಡಿದರು. ಟಿಎಸ್‌ಎಚ್ ಏರಿದ್ದು, ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳೂ ಇದ್ದ ಹೆಂಗಸರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 4 ಮಂದಿಗೆ ಸ್ಪಷ್ಟ ಕೊರತೆ ಬಂದಿತ್ತು. ಟಿಎಸ್‌ಎಚ್ ಮಾತ್ರ ಏರಿದ್ದವರಲ್ಲಿ ಇದು 3ಕ್ಕಿಂತ ಕಡಿಮೆ. ಅಂದರೆ ಅಂಚಿನಲ್ಲಿರುವ ಎಲ್ಲರೂ ಆಚೆಗೆ ಬೀಳುವುದಿಲ್ಲ, ಆದರೆ ಕಣ್ಣಿಟ್ಟಿರಬೇಕು. 2000ದಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 1,149 ಹಿರಿಯ ಹೆಂಗಸರ ಅಧ್ಯಯನ, ಅಂಚಿನ ಕೊರತೆ ಇರುವವರಲ್ಲಿ ಹೃದಯಾಘಾತ ಹೆಚ್ಚು ಎಂದಿತು. ಆಗಲೂ ಅದೇ ಪ್ರಶ್ನೆ: ಮಾತ್ರೆ ಕೊಟ್ಟರೆ ಒಳ್ಳೆಯದಾದೀತೇ?

2017ರಲ್ಲಿ ಬ್ರಿಟನ್, ಐರ್ಲೆಂಡ್, ನೆದರ್‌ಲ್ಯಾಂಡ್ಸ್ ಮತ್ತು ಸ್ವಿಟ್ಜರ್ಲೆಂಡಿನಲ್ಲಿ 65 ದಾಟಿದ 737 ಜನರ ಪ್ರಯೋಗದ ಫಲ ಹೊರಬಂತು. ಅರ್ಧದಷ್ಟು ಜನರಿಗೆ ಥೈರಾಕ್ಸಿನ್, ಉಳಿದವರಿಗೆ ನೋಡಲು ಹಾಗೇ ಇರುವ ಹುಸಿ ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. ಆರಂಭದಲ್ಲಿ ಸರಾಸರಿ ಟಿಎಸ್‌ಎಚ್ 6.4. ವರ್ಷದ ಕೊನೆಗೆ ಥೈರಾಕ್ಸಿನ್ ಗುಂಪಿನಲ್ಲಿ ಅದು 3.6ಕ್ಕೆ ಇಳಿದಿತ್ತು. ಹುಸಿ ಮಾತ್ರೆಯವರಲ್ಲೂ ತಾನಾಗಿಯೇ 5.5ಕ್ಕೆ ಇಳಿದಿತ್ತು. ದಣಿವು? ಇತರ ಲಕ್ಷಣಗಳು? ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ. ಮಾತ್ರೆ ಅಂಕಿಯನ್ನು ಸರಿಪಡಿಸಿತು, ಮನುಷ್ಯರಿಗೆ ಬೇರೇನೂ ಅನ್ನಿಸಲಿಲ್ಲ.

"ತಗೊಂಡರೆ ನಷ್ಟವೇನು?" ಎಂದು ಕೇಳಬಹುದು. ನಷ್ಟವಿದೆ. ಥೈರಾಕ್ಸಿನ್ ಹೆಚ್ಚಾಗಿ ಟಿಎಸ್‌ಎಚ್ ತೀರಾ ಇಳಿದರೆ ಹೃದಯ ಮತ್ತು ಮೂಳೆ ಎರಡಕ್ಕೂ ಪೆಟ್ಟು. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 60 ದಾಟಿದ 2,007 ಜನರನ್ನು ಹತ್ತು ವರ್ಷ ಗಮನಿಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಟಿಎಸ್‌ಎಚ್ ತೀರಾ ಕಡಿಮೆ ಇದ್ದವರಲ್ಲಿ ಹೃದಯದ ಬಡಿತ ತಾಳ ತಪ್ಪುವ ತೊಂದರೆ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಪಾರ್ಶ್ವವಾಯುವಿಗೆ ಅದೂ ಒಂದು ದಾರಿ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆಯೂ ಸವೆಯುತ್ತದೆ.

ಹೀಗಾಗಿ ಇಲ್ಲಿನ ವೈದ್ಯರು ಸಾಮಾನ್ಯವಾಗಿ ಮೂರು ತಿಂಗಳ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿಸಿ, ಅಂಕಿ 10 ಅಥವಾ ಅದಕ್ಕಿಂತ ಹೆಚ್ಚೇ ಉಳಿದರೆ ಮಾತ್ರೆಯ ಯೋಚನೆ ಮಾಡುತ್ತಾರೆ. ಅದಕ್ಕಿಂತ ಕೆಳಗಿದ್ದರೆ ವಯಸ್ಸು, ಲಕ್ಷಣ, ಪ್ರತಿಕಾಯ ಎಲ್ಲ ನೋಡಿ ತೀರ್ಮಾನಿಸುತ್ತಾರೆ. "ಈಗ ಬೇಡ" ಎಂದರೆ ಅಸಡ್ಡೆಯಲ್ಲ. ಆ ಮಾತಿನ ಹಿಂದೆ ಇಷ್ಟು ಲೆಕ್ಕವಿದೆ.

7. ಮಾತ್ರೆ ತೆಗೆದುಕೊಳ್ಳುವ ಮನೆಯವರಿಗೆ

ನನ್ನ ತಾಯಿಯೂ ಹಲವು ವರ್ಷಗಳಿಂದ ಥೈರಾಕ್ಸಿನ್ ತೆಗೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಾಗ ನಾವು ಅನುಸರಿಸುವ ಕ್ರಮ ಇದು:

* ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಕಾಫಿಗೆ ಕನಿಷ್ಠ ಅರ್ಧ ಗಂಟೆ ಬಿಡುವು. (ಇದೇ ಎಲ್ಲಕ್ಕಿಂತ ಕಷ್ಟದ ನಿಯಮ ಎಂದು ಅಮ್ಮನ ದೂರು!)
* ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರ. ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ.
* ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮುಂಚೆ ತಿಳಿಸಿ. ಅದು ಕೆಲವು ಪರೀಕ್ಷಾ ವಿಧಾನಗಳಲ್ಲಿ ಸುಳ್ಳು ಅಂಕಿ ತೋರಿಸುತ್ತದೆ.
* ಮಾತ್ರೆಯ ಪ್ರಮಾಣ ಬದಲಾದರೆ ಆರರಿಂದ ಎಂಟು ವಾರ ಬಿಟ್ಟು ಪರೀಕ್ಷಿಸಿ. ಅದಕ್ಕೆ ಮುಂಚಿನ ಅಂಕಿಯನ್ನು ನೆಚ್ಚಿಕೊಳ್ಳುವಂತಿಲ್ಲ.
* ಊರಿನಿಂದ ಬರುವ ತಂದೆ ತಾಯಿ, ಅತ್ತೆ ಮಾವ ಉಳಿಯುವಷ್ಟು ದಿನಕ್ಕೂ ಸಾಕಾಗುವಷ್ಟು ಮಾತ್ರೆ ಮತ್ತು ವೈದ್ಯರ ಚೀಟಿ ತರಲಿ. ಮಾತ್ರೆಯ ಹೆಸರಿನ ಜೊತೆ ಎಷ್ಟು ಮೈಕ್ರೋಗ್ರಾಂ ಎಂದು ಬರೆದಿಟ್ಟುಕೊಳ್ಳಿ. ಡಬ್ಬಿಯನ್ನು ಒಲೆಯ ಪಕ್ಕದ ಬಿಸಿಯಲ್ಲಿ ಇಡಬೇಡಿ.
* ಇಂಗ್ಲೆಂಡಿನಲ್ಲಿ ಥೈರಾಕ್ಸಿನ್ ಕಾಯಂ ಬೇಕಾದವರಿಗೆ ವಿನಾಯಿತಿ ಪ್ರಮಾಣಪತ್ರ ಸಿಗುತ್ತದೆ. ಅದಿದ್ದರೆ ವೈದ್ಯರು ಬರೆದುಕೊಡುವ ಮಾತ್ರೆಗಳಿಗೆ ಶುಲ್ಕವಿಲ್ಲ. ಇನ್ನೂ ಪಡೆಯದವರು ತಮ್ಮ ವೈದ್ಯರ ಕಚೇರಿಯಲ್ಲಿ ಅರ್ಜಿ ಕೇಳಿ.

ಇಷ್ಟು ಓದಿದ ಮೇಲೆ ನಿಮ್ಮ ಕೈಗೆ ಮುಂದಿನ ಸಲ ಫಲಿತಾಂಶದ ಹಾಳೆ ಬಂದಾಗ ಮೂರು ಪ್ರಶ್ನೆ ಕೇಳಿ. ಟಿಎಸ್‌ಎಚ್ ಜೊತೆ ಟಿ4 ಎಷ್ಟಿದೆ? ಇದು ಎರಡನೇ ಸಲವೂ ಹೀಗೇ ಬಂದಿದೆಯೇ? ಇದು ಯಾರ ಅಂಕಿ: ನವಜಾತ ಶಿಶುವಿನದೇ, ಗರ್ಭಿಣಿಯದೇ, ಎಪ್ಪತ್ತೈದರ ಅಜ್ಜಿಯದೇ? ಶಿಶುವಿಗಾದರೆ ಒಂದು ದಿನವನ್ನೂ ಕಳೆಯಬೇಡಿ. ಗರ್ಭಿಣಿಗಾದರೆ ಅಂದೇ ಫೋನ್ ಮಾಡಿ. ಅಜ್ಜಿಗಾದರೆ ಟಿ4 ಸರಿಯಿದ್ದು ಅಂಕಿ ಸ್ವಲ್ಪವೇ ಏರಿದ್ದಲ್ಲಿ, ಮೂರು ತಿಂಗಳು ಕಾದು ಮತ್ತೆ ನೋಡೋಣ ಎನ್ನುವ ವೈದ್ಯರ ಮಾತನ್ನು ನಂಬಬಹುದು.

ಸಂದೇಹಗಳಿದ್ದರೆ ಸಂಘದ ವಿಳಾಸಕ್ಕೆ ಬರೆಯಿರಿ, ನನಗೆ ತಿಳಿದಷ್ಟನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ನಿಮ್ಮ ನಿಮ್ಮ ಮಾತ್ರೆಯ ವಿಷಯವನ್ನು ಮಾತ್ರ ನಿಮ್ಮ ವೈದ್ಯರಲ್ಲೇ ಕೇಳಿ.

 
ನಿಮ್ಮ ಸಂಘದ ಸದಸ್ಯೆ